ಕಂಬಿಯ ಬೆನ್ನಿನ ತುಕ್ಕು

ಸ್ಲ್ಯಾಬಿನ ಅಡಿಯಿಂದ ಚಕ್ಕೆ ಉದುರಿ ಕಂಬಿ ಕಂಡರೆ, ಸಿಮೆಂಟ್ ಮೆತ್ತಿ ಬಣ್ಣ ಬಳಿದುಬಿಡುವವರೇ ಹೆಚ್ಚು. ಆ ತೇಪೆ ನಿಲ್ಲುವುದಿಲ್ಲ. ಹೊಸ ಗಾರೆ ತಾಗಿದ್ದು ಕಂಬಿಯ ಮುಂಭಾಗಕ್ಕೆ ಮಾತ್ರ. ಬೆನ್ನಿಗೆ ಕೆಟ್ಟ ಕಾಂಕ್ರೀಟೇ ಅಂಟಿಕೊಂಡಿರುತ್ತದೆ. ತುಕ್ಕು ಮೂಲ ಉಕ್ಕಿನ ಎರಡು ಪಟ್ಟಿಗೂ ಮೀರಿ ಉಬ್ಬಿ ತೇಪೆಯನ್ನು ಹೊರದಬ್ಬುತ್ತದೆ.

ನಾನು ಮೊದಲು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಆಮೇಲೆ ಒಂದು ಕಡೆ ಒಡೆದು, ಧೂಳು ಊದಿ, ಹೊಸದಾಗಿ ಒಡೆದ ಮುಖದ ಮೇಲೆ ಶೇ. 1ರ ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಬಣ್ಣ ತಿರುಗುವ ದ್ರಾವಣ) ಸಿಂಪಡಿಸುತ್ತೇನೆ. ಒಳ್ಳೆಯ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರಗುಣದ ಅಳತೆ, 12.5ರಿಂದ 13, ಅದು ಕಡುಗುಲಾಬಿಗೆ ತಿರುಗುತ್ತದೆ. ಬಣ್ಣ ಬರದಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಷ್ಟು ಆಳಕ್ಕೆ ಇಳಿದು ಕಂಬಿಯನ್ನು ಕಾಯುವ ಕ್ಷಾರಗುಣ ತಿಂದಿದೆ ಎಂದರ್ಥ. ಇದೇ ಕಾರ್ಬೊನೇಷನ್. ಗುಲಾಬಿ ಬಂದೂ ಕಂಬಿಯಲ್ಲಿ ಗುಳಿಗುಳಿ ತುಕ್ಕಿದ್ದರೆ ಕ್ಲೋರೈಡ್, ಅಂದರೆ ಉಪ್ಪಿನ ಅಂಶದ, ಮೇಲೆ ಗುಮಾನಿ. ಬೇರೆ ಬೇರೆ ಆಳದಿಂದ ಡ್ರಿಲ್ ಪುಡಿ ತೆಗೆದು ಲ್ಯಾಬಿಗೆ ಕಳಿಸಬೇಕು.

ಆಧಾರದ ಜಾಕಿ ಕೊಡದೆ ಒಡೆಯಲು ಕೈ ಹಾಕಬೇಡಿ. ಅಂಚನ್ನು ಕಟರ್‌ನಿಂದ ಸುಮಾರು 10 ಮಿ.ಮೀ. ಆಳಕ್ಕೆ ನೇರ ಕೊಯ್ಯಬೇಕು, ಕಂಬಿಗೆ ಬ್ಲೇಡ್ ತಾಗದಂತೆ. ಅಂಚು ತೆಳುವಾಗಿ ಸವರಿ ಬಿಟ್ಟರೆ ಮೊದಲು ಏಳುವುದೇ ಅದು. ಕಂಬಿಯ ಹಿಂದೆ ಬೆರಳು ತೂರುವಷ್ಟು, 20-25 ಮಿ.ಮೀ., ಸಂದು ಮಾಡಿ. ಉದ್ದಕ್ಕೆ, ತುಕ್ಕು ಮುಗಿದ ಮೇಲೂ 50 ಮಿ.ಮೀ. ಶುದ್ಧ ಕಂಬಿ ಕಾಣಬೇಕು. ಕಾರ್ಬೊನೇಷನ್ ಆಗಿದ್ದರೆ ವೈರ್ ಬ್ರಷ್ ಸಾಕಾದೀತು. ಕ್ಲೋರೈಡ್ ಗುಳಿಗೆ ಅದು ಸಾಲದು, ಮರಳು ಬ್ಲಾಸ್ಟಿಂಗ್ ಮತ್ತು ನೀರಿನ ಜೆಟ್ ಬೇಕು. ಕ್ಯಾಲಿಪರ್‌ನಲ್ಲಿ ಅಳೆದಾಗ ಕಂಬಿ ಎದ್ದು ಕಾಣುವಷ್ಟು ಸವೆದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ ಹೊಸ ಕಂಬಿ ಜೋಡಿಸಿ.

ಕ್ಲೋರೈಡ್ ಇದ್ದಲ್ಲಿ ಅಚ್ಚುಕಟ್ಟಾದ ತೇಪೆಯೇ ಪಕ್ಕದ ಕಂಬಿಗೆ ಮುಳುವು. ಮೊದಲು ಇಲ್ಲಿ ಆನೋಡ್ (ತುಕ್ಕು ಹಿಡಿದು ಕರಗುವ ಕಡೆ) ಆಗಿ ಕರಗುತ್ತಿದ್ದ ಕಂಬಿ ಅಕ್ಕಪಕ್ಕದ್ದನ್ನು ಕಾಯುತ್ತಿತ್ತು. ಇದನ್ನು ಸರಿಮಾಡಿದೊಡನೆ ಇದು ಕ್ಯಾಥೋಡ್ (ತುಕ್ಕು ಹಿಡಿಯದ ಕಡೆ) ಆಗುತ್ತದೆ, ತೇಪೆಯ ಸುತ್ತಲಿನ ಉಪ್ಪು ಹೀರಿದ ಕಾಂಕ್ರೀಟಿನಲ್ಲಿ ಹೊಸ ತುಕ್ಕು ಶುರು. ಅದಕ್ಕೇ ಅಂಚಿನುದ್ದಕ್ಕೂ, ಕಂಬಿಯ ಬದಲು ತಾನೇ ಕರಗುವ ಸತುವಿನ ಆನೋಡ್ ಕಟ್ಟುತ್ತೇನೆ. ಕಟ್ಟುವ ಜಾಗದಲ್ಲಿ ಕಂಬಿ ಹೊಳೆಯುವಂತೆ ಉಜ್ಜಿ, ಸಂಪರ್ಕವನ್ನು ಮಲ್ಟಿಮೀಟರ್‌ನಲ್ಲಿ ನೋಡಲೇಬೇಕು. ಆನೋಡಿಗೂ ಹಳೆ ಕಾಂಕ್ರೀಟಿಗೂ ನಡುವೆ ಎಪಾಕ್ಸಿ ಬಳಿದರೆ ಕರೆಂಟು ಹರಿಯದು, ಆನೋಡಿನ ಖರ್ಚು ದಂಡ.

ಗಾರೆ ಹಾಕುವಾಗ ಹಳೆ ಕಾಂಕ್ರೀಟ್ ನೀರು ಕುಡಿದಿರಬೇಕು, ಮೇಲ್ಮೈಯಲ್ಲಿ ನೀರು ನಿಂತಿರಬಾರದು. ಹಳೆ ಕಾಂಕ್ರೀಟಿಗೆ ಹೊಸ ಗಾರೆ ಅಂಟಲೆಂದು ಬಳಿಯುವ ಬಾಂಡ್ ಕೋಟ್ ಒಣಗಿಹೋದರೆ ಅದೇ ಅಂಟದ ಪದರ. ಕೆರೆದು ಮತ್ತೆ ಬಳಿಯಿರಿ. ಪಾಲಿಮರ್ ಗಾರೆಯನ್ನು ಮೊದಲು ಕಂಬಿಯ ಬೆನ್ನಿಗೆ ಬೆರಳಿನಿಂದ ಒತ್ತಿ ತುಂಬಿ, ಆಮೇಲೆ ಮುಂದಕ್ಕೆ ಬನ್ನಿ. ಒಂದು ಪದರ ಎಷ್ಟು ದಪ್ಪ, ನೀರು ಎಷ್ಟು ಎಂಬುದು ಚೀಲದ ಮೇಲೇ ಇರುತ್ತದೆ. ಕಣ್ಣಂದಾಜಿನಲ್ಲಿ ನೀರು ಸುರಿದರೆ ಗಾರೆ ಕುಗ್ಗಿ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ.