ಬೀಪ್ ಶಬ್ದದ ಮೇಲೆಯೇ ದೂರು ಕೊಟ್ಟು ಗೆದ್ದದ್ದು: ನನ್ನ ಅನುಭವ

ರಾತ್ರಿ 11ರ ನಂತರದ ಕಾರ್ಯಕ್ರಮಗಳಿಗೆ ಕತ್ತರಿ ಹಾಕಬೇಡಿ ಎಂದು ಕೇಳುವುದಕ್ಕೆ ಪ್ರೇಕ್ಷಕರ ದೂರಿನ ವ್ಯವಸ್ಥೆಯನ್ನೇ ಬಳಸೋಣ ಎಂದು ನಾನು ಹೇಳಿದಾಗ, ನಮ್ಮ ಗುಂಪಿನ ಏಳು ಜನರಲ್ಲಿ ಐವರು ನಕ್ಕರು. ಆ ವ್ಯವಸ್ಥೆ ಇರುವುದು ‘ತೋರಿಸಿದ್ದು ಅತಿಯಾಯಿತು’ ಎನ್ನುವವರಿಗೆ, ‘ಮುಚ್ಚಿಟ್ಟದ್ದು ಅತಿಯಾಯಿತು’ ಎನ್ನುವವರಿಗಲ್ಲ ಎಂಬುದು ಅವರ ವಾದವಾಗಿತ್ತು. ಒಂದು ವಾಹಿನಿ ತನ್ನ ತಡರಾತ್ರಿಯ ವೈದ್ಯರ ಸಂವಾದದಲ್ಲಿ ಅಂಗಾಂಗಗಳ ಹೆಸರಿಗೆ ಬೀಪ್ ಹಾಕುವುದನ್ನು ನಿಲ್ಲಿಸುವುದಾಗಿ ಬರೆದುಕೊಟ್ಟು, ಹಾಗೆಯೇ ನಡೆದುಕೊಂಡು ಈಗ ವರ್ಷ ದಾಟಿರುವುದರಿಂದ, ನಡೆದದ್ದನ್ನು ಬರೆದಿಡುವ ಧೈರ್ಯ ಬಂದಿದೆ.

ಮೊದಲು ಸೋತದ್ದನ್ನು ಹೇಳುತ್ತೇನೆ. 2012ರ ಏಪ್ರಿಲ್‌ನಲ್ಲಿ ‘ದಿ ಡರ್ಟಿ ಪಿಕ್ಚರ್’ ಚಿತ್ರ ಐವತ್ತಕ್ಕೂ ಹೆಚ್ಚು ಕಡೆ ಕತ್ತರಿಸಿಕೊಂಡು, ಟಿ.ವಿ.ಗೆಂದೇ ಯುಎ (ಹಿರಿಯರ ಜೊತೆ ಮಕ್ಕಳೂ ನೋಡಬಹುದು ಎಂಬ) ಪ್ರಮಾಣಪತ್ರ ಪಡೆದು ಬಂದಿದ್ದರೂ, ರಾತ್ರಿ 11ರ ನಂತರ ಹಾಕಿ ಎಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೂಚಿಸಿದ್ದರಿಂದ ಅಂದಿನ ಪ್ರಸಾರವೇ ನಿಂತುಹೋಯಿತು. ಆ ಸಿಟ್ಟಿನಲ್ಲಿ ನಾವು 2,000 ಕರಪತ್ರ ಅಚ್ಚು ಹಾಕಿಸಿ ಸಹಿ ಸಂಗ್ರಹಕ್ಕೆ ಇಳಿದೆವು. ಮೂರು ವಾರದಲ್ಲಿ ಸುಮಾರು 340 ಸಹಿಗಳು ಬಂದವು. ಅವುಗಳಲ್ಲಿ ಅರ್ಧದಷ್ಟು ಓದಲಾಗದಂಥವು. ‘ವಯಸ್ಕರ ಕಾರ್ಯಕ್ರಮ’ ಎಂಬ ಶಬ್ದ ಕಂಡೊಡನೆ ಜನ ಪೆನ್ನನ್ನು ಹಿಂದಿರುಗಿಸುತ್ತಿದ್ದರು. ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಸಹಿ ಹಾಕಿ ಹೋದವರು, ಮರುದಿನ ಬೆಳಿಗ್ಗೆ ಮನೆಗೇ ಬಂದು, “ನನ್ನ ಹೆಸರು ಹೊಡೆದುಹಾಕಿಬಿಡಿ, ಸೊಸೆಗೆ ಗೊತ್ತಾಯಿತು” ಎಂದರು. ಅಚ್ಚಿನ ಖರ್ಚು, ಓಡಾಟ, ಕಾಫಿ ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ ಹೋಯಿತು.

ಆಮೇಲೆ ವಕೀಲರ ಬಳಿ ಹೋದೆವು. ಲಿಖಿತ ಅಭಿಪ್ರಾಯಕ್ಕೆ 5,000 ರೂಪಾಯಿ ತೆಗೆದುಕೊಂಡು ಅವರು ಹೇಳಿದ್ದು ನಮಗೆ ಗೊತ್ತಿದ್ದದ್ದೇ: ಎಲ್ಲರಿಗೂ ತೋರಿಸಲು ತಕ್ಕುದಲ್ಲದ್ದನ್ನು ಹಾಕಬಾರದು ಎನ್ನುವ, 1994ರ ಕೇಬಲ್ ಟಿ.ವಿ. ನಿಯಮಗಳ 6(1)(ಒ) ಇರುವವರೆಗೆ ‘ಎ’ (ವಯಸ್ಕರಿಗೆ ಮಾತ್ರ) ಚಿತ್ರಕ್ಕೆ ಟಿ.ವಿ.ಯಲ್ಲಿ ಹಗಲೂ ಒಂದೇ, ನಡುರಾತ್ರಿಯೂ ಒಂದೇ. 2006ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಪ್ರಸಾರಕರ ಸ್ವನಿಯಂತ್ರಣದ ಮಾರ್ಗಸೂಚಿ 2011ರಲ್ಲೇ ರಾತ್ರಿ 11ರಿಂದ ಬೆಳಗಿನ 5ರವರೆಗಿನ ಹೊತ್ತನ್ನು ವಯಸ್ಕರಿಗೆ ಬಿಟ್ಟುಕೊಟ್ಟಿದೆಯಲ್ಲ ಎಂದು ಕೇಳಿದ್ದಕ್ಕೆ, “ಮಾರ್ಗಸೂಚಿ ನಿಯಮವಲ್ಲ” ಎಂದು ನಕ್ಕರು. ಆ ನಗುವಿಗೆ ಬೇರೆ ಶುಲ್ಕ ತೆಗೆದುಕೊಳ್ಳಲಿಲ್ಲ ಎಂಬುದೇ ಸಮಾಧಾನ.

ಮೂರನೆಯ ಸೋಲು ನನ್ನದೇ ದಡ್ಡತನದ ಫಲ. ಪ್ರಮಾಣಪತ್ರದಲ್ಲಿರುವ ಅವಧಿಯನ್ನೂ, ಜಾಹೀರಾತು ಕಳೆದು ಅಳೆದ ಪ್ರಸಾರದ ಅವಧಿಯನ್ನೂ ಹೋಲಿಸಿದರೆ ಗುಟ್ಟಾಗಿ ಕತ್ತರಿಸಿದ್ದು ಸಿಕ್ಕಿಬೀಳುತ್ತದೆ ಎಂದು ಲೆಕ್ಕ ಹಾಕಿ, ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್ ಕೊಂಡು, ಗಡಿಯಾರ ಹಿಡಿದು ಕೂತೆ. 125 ನಿಮಿಷದ ಚಿತ್ರ 120 ನಿಮಿಷಕ್ಕೇ ಮುಗಿದಾಗ, ಐದು ನಿಮಿಷ ನುಂಗಿದ್ದೀರಿ ಎಂದು ಖಾರವಾಗಿ ಪತ್ರ ಬರೆದೆ. ಸೆಕೆಂಡಿಗೆ 24 ಚೌಕಟ್ಟಿನಂತೆ (ಫ್ರೇಮ್) ತೆಗೆದ ಚಿತ್ರವನ್ನು ನಮ್ಮ ಟಿ.ವಿ.ಯಲ್ಲಿ 25ರಂತೆ ಓಡಿಸುವುದರಿಂದ ನೂರಕ್ಕೆ ನಾಲ್ಕು ನಿಮಿಷ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ವಾಹಿನಿಯ ತಂತ್ರಜ್ಞರು ಎರಡೇ ಸಾಲಿನಲ್ಲಿ ಉತ್ತರ ಕೊಟ್ಟರು. ಆ ಚಿತ್ರದಲ್ಲಿ ಒಂದು ಚೌಕಟ್ಟೂ ಹೋಗಿರಲಿಲ್ಲ. ಆ ಪತ್ರವನ್ನು ಗುಂಪಿನವರಿಗೆ ತೋರಿಸಲು ನನಗೆ ಎರಡು ತಿಂಗಳು ಬೇಕಾಯಿತು. ಮಾಹಿತಿ ಹಕ್ಕಿನ ಅರ್ಜಿಗಳ ಕತೆಯೂ ಹೆಚ್ಚೇನಲ್ಲ: ಹದಿನಾಲ್ಕೋ ಹದಿನೈದೋ ಹಾಕಿದೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಮೇಲೆ ಹೆಸರು ತಪ್ಪಾಗಿದೆ ಎಂದು ಮೂರು ಹಿಂದಿರುಗಿದವು, ಉಳಿದವುಗಳಿಗೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರ ಬಂತು.

ದಾರಿ ತೆರೆದದ್ದು 2021ರ ಜೂನ್‌ನಲ್ಲಿ. ಕೇಬಲ್ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಪ್ರೇಕ್ಷಕರ ದೂರಿಗೆ ವಾಹಿನಿಯವರು 15 ದಿನದೊಳಗೆ ತೀರ್ಮಾನ ತಿಳಿಸಲೇಬೇಕಾಯಿತು. ಅದು ಒಪ್ಪಿಗೆಯಾಗದಿದ್ದರೆ ಪ್ರಸಾರಕರದೇ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅಲ್ಲಿಯವರೆಗೆ ನಮ್ಮ ಪತ್ರಗಳು ಬಾವಿಗೆ ಎಸೆದ ಕಲ್ಲಿನಂತಿದ್ದವು, ಸದ್ದೂ ಬರುತ್ತಿರಲಿಲ್ಲ. ಆದರೆ ದೂರು ಕಾರ್ಯಕ್ರಮ ಸಂಹಿತೆಯ, ಅಂದರೆ ಏನನ್ನು ತೋರಿಸಬಾರದು ಎಂದು ಹೇಳುವ ಅದೇ ನಿಯಮಗಳ 6ನೆಯ ನಿಯಮದ, ಉಲ್ಲಂಘನೆಯ ಮೇಲೆಯೇ ಇರಬೇಕು, ಕತ್ತರಿಸುವುದು ಯಾವ ಉಲ್ಲಂಘನೆ? ಸಂಹಿತೆಯನ್ನು ಎಷ್ಟೋ ಸಲ ಓದಿದ್ದವನಿಗೆ ಒಂದು ರಾತ್ರಿ 6(1)(ಡಿ) ಹೊಸದಾಗಿ ಕಂಡಿತು. ಅಶ್ಲೀಲವಾದದ್ದರ ಜೊತೆಗೇ ಸುಳ್ಳು ಸೂಚ್ಯಾರ್ಥಗಳನ್ನೂ ಅರ್ಧಸತ್ಯಗಳನ್ನೂ ಅದು ನಿಷೇಧಿಸುತ್ತದೆ. ವೈದ್ಯೆಯೊಬ್ಬರು ‘ಸ್ತನ ಕ್ಯಾನ್ಸರ್’ ಎನ್ನುವಾಗ ಮೊದಲ ಪದಕ್ಕೆ ಬೀಪ್ ಹಾಕಿದರೆ, ನಿರುಪದ್ರವಿ ಮಾತೊಂದಕ್ಕೆ ಇಲ್ಲದ ಕೊಳಕು ಅರ್ಥ ಅಂಟಿಸಿದ ಹಾಗೆ. ಅದೇ ಸುಳ್ಳು ಸೂಚ್ಯಾರ್ಥವಲ್ಲವೇ?

ವಾದ ಚೆನ್ನಾಗಿತ್ತು, ಸಾಕ್ಷ್ಯ ಬೇಕಿತ್ತು. ಮೊದಲು ಹೇಳಿದ ಆ ತಡರಾತ್ರಿಯ ವೈದ್ಯರ ಸಂವಾದದ ಹತ್ತು ತುಣುಕುಗಳನ್ನು ಆಯ್ದು, ನಮ್ಮ ಮನೆಯ ಹಜಾರದಲ್ಲಿ ಹದಿನಾಲ್ಕು ಜನರನ್ನು ಕೂರಿಸಿ, ಬೀಪ್ ಬಂದ ಕಡೆ ಯಾವ ಪದ ಇದ್ದಿರಬಹುದು ಎಂದು ಚೀಟಿಯಲ್ಲಿ ಬರೆಯಲು ಹೇಳಿದೆ, ಹೆಸರು ಬೇಡ ಎಂದೂ ಹೇಳಿದೆ. ಚೀಟಿ ಬಿಡಿಸಿದಾಗ ನಗು ತಡೆಯಲಾಗಲಿಲ್ಲ. ವೈದ್ಯೆ ಹೇಳಿದ್ದು ‘ಮುಟ್ಟಿನ ಬಟ್ಟೆ’. ಅದನ್ನು ಸರಿಯಾಗಿ ಊಹಿಸಿದವರು ಮೂವರು, ಉಳಿದವರು ಬರೆದದ್ದನ್ನು ಇಲ್ಲಿ ನಾನೂ ಬರೆಯಲಾರೆ. ಒಟ್ಟು 140 ಉತ್ತರಗಳಲ್ಲಿ ತೊಂಬತ್ತರಷ್ಟು, ಮೂಲ ಪದಕ್ಕಿಂತ ಕೆಟ್ಟ ಪದಗಳು. ಚೀಟಿಗಳ ನೆರಳಚ್ಚು, ತುಣುಕುಗಳ ದಿನಾಂಕ, ಗಂಟೆ, ನಿಮಿಷ, ಸೆಕೆಂಡುಗಳ ಪಟ್ಟಿ ಎಲ್ಲವನ್ನೂ ಲಗತ್ತಿಸಿ, ಎರಡೂವರೆ ಪುಟದ ದೂರನ್ನು ವಾಹಿನಿಗೆ ಕಳುಹಿಸಿದೆ. ಪೂರ್ತಿ ಪತ್ರದಲ್ಲಿ ‘ಸ್ವಾತಂತ್ರ್ಯ’, ‘ಸೆನ್ಸಾರ್’ ಎಂಬ ಶಬ್ದಗಳು ಒಮ್ಮೆಯೂ ಇರಲಿಲ್ಲ. ಪ್ರತಿಯನ್ನು ಬೇರೆ ಒಂದು ಕಡೆಗೂ ಕಳುಹಿಸಿದ್ದೆ. ಎಲ್ಲಿಗೆಂದು ಹೇಳುವುದಿಲ್ಲ, ಮುಂದೆಯೂ ಅದನ್ನು ಬಳಸುವುದಿದೆ.

ಹದಿಮೂರನೆಯ ದಿನ ಬಂದ ಉತ್ತರ ತಿರಸ್ಕಾರದ್ದೇ. ಮೇಲ್ಮನವಿಯ ಕರಡು ಕಳುಹಿಸಿ, ಇದನ್ನು ಸಲ್ಲಿಸುವ ಮೊದಲು ನಿಮಗೊಂದು ವಾರ ಕೊಡುತ್ತೇನೆ ಎಂದು ಬರೆದೆ. ಆರನೆಯ ದಿನ ಫೋನ್ ಬಂತು. ಅತ್ತಲಿದ್ದ ಯುವಕ, “ಸಾರ್, ಆ ಚೀಟಿಗಳನ್ನು ಮೇಲಕ್ಕೆ ಕಳುಹಿಸಲೇಬೇಕಾ?” ಎಂದು ಕೇಳಿದ. ನಾನು ಉತ್ತರಿಸದೆ, ಮುಂದಿನ ವಾರದ ಕಾರ್ಯಕ್ರಮದ ವಿಷಯ ಏನು ಎಂದು ವಿಚಾರಿಸಿದೆ. ಲಿಖಿತ ಒಪ್ಪಿಗೆ ಆ ತಿಂಗಳಲ್ಲೇ ಬಂತು. ಈ ಸುತ್ತಿಗೆ ಖರ್ಚಾದದ್ದು ನೆರಳಚ್ಚು, ಅಂಚೆ, ಹದಿನಾಲ್ಕು ಜನರ ಉಪ್ಪಿಟ್ಟು ಸೇರಿ ಒಂದು ಸಾವಿರದೊಳಗೆ.

ಇದೇ ಉಪಾಯವನ್ನು ಪರದೆಯ ಮಸುಕಿಗೂ ಹೂಡಿ ನೋಡಿದೆ. ಹೆಣ್ಣಿನ ದೇಹವನ್ನು ಅಸಭ್ಯ ಪರಿಣಾಮ ಬರುವಂತೆ ತೋರಿಸಬಾರದು ಎನ್ನುವ 6(1)(ಕೆ) ಹಿಡಿದು, ಹಾಲೂಡಿಸುವ ತಾಯಿಯ ಎದೆಯ ಮೇಲೆ ಎಳೆದ ಮಸುಕೇ ಆ ಪರಿಣಾಮ ತರುತ್ತದೆ ಎಂದು ವಾದಿಸಿದೆ. ಬೇರೊಂದು ವಾಹಿನಿ ಆ ದೃಶ್ಯವನ್ನೇ ಪೂರ್ತಿ ತೆಗೆದುಹಾಕಿತು! ಗುಂಪಿನ ಸದಸ್ಯೆಯೊಬ್ಬರು ಅದಕ್ಕಾಗಿ ಇನ್ನೂ ನನ್ನ ಮೇಲೆ ಮುನಿದಿದ್ದಾರೆ, ಮುನಿಸು ನ್ಯಾಯವಾದದ್ದೇ. ಹೀಗಾಗಿ, ಕತ್ತರಿಸಿ ಕೈತೊಳೆದುಕೊಳ್ಳಲು ಬರುವಂಥ ದೃಶ್ಯದ ಮೇಲೆ ಈಗ ದೂರು ಕೊಡುವುದಿಲ್ಲ. ಮಾತು ನಡೆದಿರಲೇಬೇಕಾದ ನೇರ ಸಂವಾದಗಳನ್ನಷ್ಟೇ ಆರಿಸುತ್ತೇನೆ.

‘ಎ’ ಚಿತ್ರಗಳ ವಿಷಯದಲ್ಲಿ ಒಂದಿಂಚೂ ಮುಂದೆ ಹೋಗಿಲ್ಲ. ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ಸಲ್ಲದ್ದನ್ನು ಹಾಕಬಾರದು ಎಂದು 6(5) ಹೇಳುವುದರಿಂದ ಗಡಿಯಾರಕ್ಕೆ ಬೆಲೆ ಇದೆ ಎಂದಾಯಿತು, ಇಂದಿನ ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಬೀಗ ಹಾಕುವ ಅನುಕೂಲವೂ ಇದೆ, ಹಾಗಿರುವಾಗ 6(1)(ಒ)ಗೆ ರಾತ್ರಿಯ ವಿನಾಯಿತಿ ಏಕಿಲ್ಲ ಎಂದು ಸಚಿವಾಲಯಕ್ಕೆ ಬರೆದ ಮನವಿಯ ಸ್ವೀಕೃತಿ ಚೀಟಿ ಬೀರುವಿನಲ್ಲಿದೆ. ಸದ್ಯಕ್ಕೆ ಕೈಯಲ್ಲಿರುವುದು ಒಂದು ಇಂಗ್ಲಿಷ್ ವಾಹಿನಿಯ ಸಬ್‌ಟೈಟಲ್: ಅಡುಗೆಯ ದೃಶ್ಯದಲ್ಲಿ ಕೋಳಿಯ ಎದೆಮಾಂಸ ಎಂಬ ಪದವನ್ನೂ ಮುಚ್ಚಿ ನಾಲ್ಕು ನಕ್ಷತ್ರಚಿಹ್ನೆ ಹಾಕಿದ್ದಾರೆ. ಈ ಭಾನುವಾರ ಹಜಾರದಲ್ಲಿ ಮತ್ತೆ ಹದಿನಾಲ್ಕು ಕುರ್ಚಿ ಹಾಕಬೇಕು.