ಗಲ್ಫ್ ಬಿಟ್ಟು ಊರಿಗೆ ಬರುವ ಮುನ್ನ: ನಿರ್ಧಾರವನ್ನು ಕಾಗದಕ್ಕೆ ಇಳಿಸುವ ಕ್ರಮ

ದುಬೈಯಲ್ಲೋ ದಮಾಮಿನಲ್ಲೋ ಹತ್ತು ವರ್ಷ ದುಡಿದವರಿಗೆ ಊರಿನ ಯೋಚನೆ ಹತ್ತಿಕೊಳ್ಳುವುದು ಹೆಚ್ಚಾಗಿ ರಾತ್ರಿ, ಮನೆಯವರ ಫೋನ್ ಇಟ್ಟ ಮೇಲೆ. ಆ ಹೊತ್ತಿನಲ್ಲಿ ಏನನ್ನೂ ತೀರ್ಮಾನಿಸಬೇಡಿ. ರಜೆಯ ದಿನ ಬೆಳಿಗ್ಗೆ ಒಂದು ನೋಟ್‌ಬುಕ್ ಹಿಡಿದು ಕೂರಿ.

ಮೊದಲ ಪುಟಕ್ಕೆ ಪ್ರಶ್ನೆ. “ಊರಿಗೆ ಹೋಗಲಾ?” ಎಂದು ಕೇಳಿಕೊಂಡರೆ ದಿನಕ್ಕೊಂದು ಉತ್ತರ ಹೊಳೆಯುತ್ತದೆ. “ಮುಂದಿನ ಮೇ ತಿಂಗಳೊಳಗೆ ಕೆಲಸ ಬಿಟ್ಟು ಮಲ್ಪೆಯಲ್ಲಿ ಜ್ಯೂಸ್ ಅಂಗಡಿ ಹಾಕುವುದೋ, ಇನ್ನೆರಡು ವರ್ಷ ಇಲ್ಲೇ ದುಡಿಯುವುದೋ?” ಎಂದು ಬರೆಯಿರಿ. ದಿನಾಂಕ, ಜಾಗ, ಕೆಲಸ ಮೂರೂ ಇರಲೇಬೇಕು.

ಎರಡನೇ ಪುಟಕ್ಕೆ, ಯಾಕೆ ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ. “ಅಪ್ಪ ಅಮ್ಮನನ್ನು ನೋಡಿಕೊಳ್ಳಲು” ಎಂದು ಬರೆದು ಪುಟ ಮಗುಚುತ್ತಾರೆ. ನೋಡಿಕೊಳ್ಳುವುದೆಂದರೆ ಏನೇನು? ರಾತ್ರಿ ಎಂಟಕ್ಕೆ ಅಪ್ಪನ ಜೊತೆ ಕೂತು ಗಂಜಿ ಉಣ್ಣುವುದು, ಅಮ್ಮನನ್ನು ಶುಗರ್ ಪರೀಕ್ಷೆಗೆ ಕರೆದೊಯ್ಯುವುದು, ಹೀಗೆ ಕಣ್ಣಿಗೆ ಕಾಣುವಂತೆ ಬರೆಯಿರಿ. ಬಳಿಕ ಊರಿನ ಒಂದು ಸಾಮಾನ್ಯ ಮಂಗಳವಾರದ ದಿನಚರಿಯನ್ನು ಗಂಟೆ ಲೆಕ್ಕದಲ್ಲಿ ಬರೆದು ಪಕ್ಕದಲ್ಲಿಡಿ. ಬೀಚ್ ಹತ್ತಿರದ ಅಂಗಡಿಗೆ ವ್ಯಾಪಾರ ಇರುವುದೇ ಸಂಜೆ. ಗಿರಾಕಿ ಕಡಿಮೆಯಾಗಿ, ಮಿಕ್ಸಿ ಜಾರ್ ತೊಳೆದು, ಶಟರ್ ಎಳೆದು ಮನೆ ಸೇರುವಾಗ ಹತ್ತೂವರೆ. ಅಪ್ಪ ಆಗಲೇ ಮಲಗಿರುತ್ತಾರೆ. ಯಾವುದಕ್ಕಾಗಿ ಊರಿಗೆ ಬಂದಿರೋ ಅದೇ ಕೈತಪ್ಪಿತು! ಬೆಳಗಿನ ತಿಂಡಿ ಅಂಗಡಿ ಹಾಕಿದರೆ ರಾತ್ರಿಯ ಊಟ ಉಳಿಯುತ್ತದೆ. ಉದ್ದೇಶ ಒಳ್ಳೆಯದೇ ಇದ್ದರೂ ಆರಿಸಿಕೊಂಡ ಕೆಲಸ ಅದಕ್ಕೆ ಹೊಂದಬೇಕಲ್ಲ.

ದುಡ್ಡಿನ ಲೆಕ್ಕವನ್ನು ಡಿಸೆಂಬರ್ ತಿಂಗಳ ಮೇಲೆ ಹಾಕಬೇಡಿ, ಜೋರು ಮಳೆಯ ಆಟಿ ತಿಂಗಳ (ತುಳುನಾಡಿನ ಲೆಕ್ಕದಲ್ಲಿ ಜುಲೈ-ಆಗಸ್ಟ್ ಹೊತ್ತು) ಮೇಲೆ ಹಾಕಿ. ಡಿಸೆಂಬರಿನಲ್ಲಿ ಮಲ್ಪೆಗೆ ಹೋದವರಿಗೆ ಯಾವ ವ್ಯಾಪಾರವೂ ಲಾಭದ್ದೇ ಎನಿಸುತ್ತದೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಬಂದರಿನಲ್ಲಿ ದುಡ್ಡಿನ ಓಡಾಟವೇ ಕಡಿಮೆ. ಉದಾಹರಣೆಗೆ ಮನೆ ಖರ್ಚು 28,000, ಅಂಗಡಿ ಬಾಡಿಗೆ 12,000, ಕರೆಂಟ್ ಮತ್ತು ಹುಡುಗನ ಸಂಬಳ ಸೇರಿ 16,000 ಎಂದಿಟ್ಟುಕೊಳ್ಳಿ. ತಿಂಗಳಿಗೆ 56,000 ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಒಂದು ರೂಪಾಯಿ ಬಾರದಿದ್ದರೆ 2,24,000 ಬೇಕು. ಅಂಗಡಿಯ ಅಡ್ವಾನ್ಸ್, ಫ್ರಿಜ್, ಆಸ್ಪತ್ರೆಗೆ ತೆಗೆದಿಟ್ಟ ಹಣ ಇದರಲ್ಲಿ ಸೇರಿಲ್ಲ.

ರಜೆಗೆ ಬರುವುದಾದರೂ ಆಟಿಯಲ್ಲೇ ಬನ್ನಿ. ಮೂರು ವಾರದಲ್ಲಿ ಎರಡು ವಾರ ಅಂಥದ್ದೇ ಒಂದು ಅಂಗಡಿಯಲ್ಲಿ ನಿಂತು ಕೆಲಸ ಮಾಡಿ. ಮದುವೆ, ಭೂತಕೋಲದ ಸಮಯಕ್ಕೆ ಬಂದರೆ ಊರೆಲ್ಲ ನಿಮ್ಮನ್ನು ಅತಿಥಿಯಂತೆ ನೋಡುತ್ತದೆ. ಆ ಸಡಗರ ನೋಡಿ ಟಿಕೆಟ್ ಕ್ಯಾನ್ಸಲ್ ಮಾಡಿದವರಿಗೆ ಜುಲೈ ಬಂದಾಗ ದಿಕ್ಕು ತೋಚುವುದಿಲ್ಲ.

ಮೂವರನ್ನು ಕೇಳಿದರೆ ಸಾಕು: ಊರಿಗೆ ಬಂದು ನೆಲೆನಿಂತವರು ಒಬ್ಬರು, ಬಂದು ಅಂಗಡಿ ಮುಚ್ಚಿದವರು ಒಬ್ಬರು, ಮತ್ತೆ ನಿಮ್ಮ ಮನೆಯ ಅಡುಗೆಮನೆ ನಡೆಸುವವರು. “ಏನು ಮಾಡಲಿ?” ಎನ್ನಬೇಡಿ. “ಮೊದಲ ವರ್ಷ ಎಣಿಸದೇ ಬಂದ ಖರ್ಚು ಯಾವುದು?” ಎಂದು ಕೇಳಿ. ಮುಚ್ಚಿದವರ ಹತ್ತಿರ ಮೆಲ್ಲಗೆ, ಗೌರವದಿಂದ ಕೇಳಿ. ಅವರು ಹೇಳುವುದಕ್ಕೆ ಬೆಲೆ ಹೆಚ್ಚು.

ಮನಸ್ಸು ಗಟ್ಟಿ ಇದೆಯೇ ಎಂದು ತಿಳಿಯಲು ಹಳೆಯ ಪಿಗ್ಮಿಯ ದಾರಿಯೇ ಸಾಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು. ನೀವೂ 90 ದಿನ, ದಿನಕ್ಕೆ 200 ರೂಪಾಯಿ ಬೇರೆ ಖಾತೆಗೆ ಹಾಕಿ, 18,000 ಆಗುತ್ತದೆ. ಮೊತ್ತಕ್ಕಿಂತ ಮುಖ್ಯ, ಎಷ್ಟು ದಿನ ತಪ್ಪಿತು ಎಂಬುದು. ಸಂಬಳ ಬರುವಾಗಲೇ ಇಪ್ಪತ್ತು ದಿನ ತಪ್ಪಿದರೆ ಹೊರಡುವ ದಿನಾಂಕವನ್ನು ಆರು ತಿಂಗಳು ಮುಂದೆ ಹಾಕಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹೊರಡುವುದೇ ಎಂದಾದರೆ ಸಿದ್ಧತೆಗೆ ಉಡುಪಿಯ ಪರ್ಯಾಯವನ್ನೇ, ಅಂದರೆ ಕೃಷ್ಣನ ಪೂಜೆಯ ಸರದಿ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನೇ ನೋಡಿ. ಜನವರಿ 18ಕ್ಕೆ ಪೀಠ ಏರುವ ಮಠ ಅದಕ್ಕೆ ಬಹಳ ಮೊದಲೇ ಬಾಳೆ ಮುಹೂರ್ತ ಮಾಡಿ ಗಿಡ ನೆಡುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಊಟಕ್ಕೆ ಬೇಕಾದ ಒಂದೊಂದಕ್ಕೂ ಒಂದೊಂದು ದಿನ. ನೀವೂ ನಾಲ್ಕು ದಿನಾಂಕ ಗೊತ್ತುಮಾಡಿ: ಹಣ ತುಂಬುವ ದಿನ, ಅಂಗಡಿ ಕರಾರಿನ ದಿನ, ಪರವಾನಗಿಗೆ ಅರ್ಜಿ ಕೊಡುವ ದಿನ, ರಾಜೀನಾಮೆಯ ದಿನ. ರಾಜೀನಾಮೆ ಕೊನೆಗೇ ಇರಲಿ. ಮಧ್ವಾಚಾರ್ಯರ ಕಾಲದಲ್ಲಿ ಎರಡು ತಿಂಗಳಿದ್ದ ಪೂಜೆಯ ಸರದಿಯನ್ನು ವಾದಿರಾಜರು ಎರಡು ವರ್ಷ ಮಾಡಿದರು. ನಿಮ್ಮ ನಿರ್ಧಾರಕ್ಕೂ ಅಷ್ಟೇ ಅವಧಿ ಕೊಡಿ. ಎರಡು ಮಳೆಗಾಲ ಕಾಣದೆ ಅಂಗಡಿ ಬಗ್ಗೆ ತೀರ್ಪು ಬೇಡ.

ಉತ್ತರ “ಬೇಡ” ಎಂದೇ ಬಂದರೆ ಅದನ್ನೂ ಕಾರಣ ಸಮೇತ ಬರೆದು, ತಾರೀಕು ಹಾಕಿ, ಮನೆಯವರಿಗೆ ಓದಿ ಹೇಳಿ. ಮತ್ತೆ ಯಾವಾಗ ಯೋಚಿಸುತ್ತೀರಿ ಎಂಬ ತಿಂಗಳನ್ನೂ ಹೇಳಿಬಿಡಿ. ಇಲ್ಲದಿದ್ದರೆ ಪ್ರತಿ ಅಷ್ಟಮಿಗೂ ಫೋನಿನಲ್ಲಿ ಅದೇ ಮಾತು, ಅದೇ ಸಂಕಟ.