ಮೂರು ಕಡೆ ಕೂತಿದ್ದ ವೆಬ್‌ಪಿ

2023ರ ಚೌತಿಗೆ ಇನ್ನು ಒಂದು ವಾರವಿತ್ತು. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಸಂಘದ ಹಳೆಯ ಫೋಟೋಗಳನ್ನು ಕೂಡಿಡಲು ನಾನು ಕಟ್ಟಿಕೊಟ್ಟಿದ್ದ ವೆಬ್‌ಸೈಟಿಗೆ ದಿನಾ ಚಿತ್ರಗಳು ಬಂದು ಬೀಳುತ್ತಿದ್ದವು: ಯಕ್ಷಗಾನದ ವೇಷಗಳು, ಫೋರ್ಟಿನ ಹೋಟೆಲಿನ ಗಲ್ಲಾ, ರಾತ್ರಿಶಾಲೆಯ ಗ್ರೂಪ್ ಫೋಟೋ. ಸೆಪ್ಟೆಂಬರ್ 11ರಂದು ಕ್ರೋಮ್‌ಗೆ ತುರ್ತು ಅಪ್‌ಡೇಟ್ ಬಂತು. ಸಿವಿಇ-2023-4863 ಎಂಬ ಸಂಖ್ಯೆಯ ಆ ಭದ್ರತಾ ದೋಷ ಮೊದಲು ಕ್ರೋಮ್‌ನದೆಂದೇ ದಾಖಲಾಗಿತ್ತು. ಬ್ರೌಸರ್ ಅಪ್‌ಡೇಟ್ ಮಾಡಿ ನಾನೂ ಸುಮ್ಮನಾದೆ. ಅದು ತಪ್ಪು.

ದೋಷವಿದ್ದದ್ದು ವೆಬ್‌ಪಿ ಎಂಬ ಬಗೆಯ ಚಿತ್ರ ಕಡತಗಳನ್ನು ಬಿಚ್ಚಿ ಓದುವ (ಡಿಕೋಡ್ ಮಾಡುವ) ಲಿಬ್‌ವೆಬ್‌ಪಿ ಎಂಬ ಲೈಬ್ರರಿಯಲ್ಲಿ. ನಷ್ಟವಿಲ್ಲದ ಸಂಕೋಚನದ ವೆಬ್‌ಪಿಯಲ್ಲಿ ಹಫ್‌ಮನ್ ಕೋಷ್ಟಕಗಳಿರುತ್ತವೆ, ಯಾವ ಬಿಟ್‌ಗಳಿಗೆ ಯಾವ ಮೌಲ್ಯ ಎಂದು ಹೇಳುವ ಪಟ್ಟಿಗಳು. ಸರಿಯಾದ ಕಡತಕ್ಕೆ ಗರಿಷ್ಠ ಎಷ್ಟು ಜಾಗ ಬೇಕೆಂದು ಮೊದಲೇ ಲೆಕ್ಕ ಹಾಕಿ ಅಷ್ಟನ್ನು ಮಾತ್ರ ಕಾದಿರಿಸಿದ್ದರು. ಬೇಕೆಂದೇ ಕೆಡಿಸಿದ ಕಡತ ಅದಕ್ಕಿಂತ ದೊಡ್ಡ ಕೋಷ್ಟಕ ಕಟ್ಟಿಸುತ್ತಿತ್ತು. ಪಂಕ್ತಿಯಲ್ಲಿ ಎಲೆ ಮುಗಿದರೂ ಬಡಿಸುವವನು ನೆಲಕ್ಕೇ ಬಡಿಸುತ್ತ ಹೋದ ಹಾಗೆ. ಆ ನೆಲ ಇನ್ಯಾರದೋ ಮೆಮೊರಿ. ಅಲ್ಲಿ ಏನು ಬೀಳಬೇಕೆಂದು ಕಡತ ಮಾಡಿದವನು ನಿರ್ಧರಿಸಬಲ್ಲ.

ಸರ್ವರ್‌ನಲ್ಲಿ ಲಿನಕ್ಸ್ ಪ್ಯಾಕೇಜನ್ನು ಅಪ್‌ಡೇಟ್ ಮಾಡಿ, ಮತ್ತೆ ಅನುಮಾನ ಬಂದು ಡಿಸ್ಕ್ ಪೂರ್ತಿ ಹುಡುಕಿದೆ. ಲಿಬ್‌ವೆಬ್‌ಪಿ ಮೂರು ಕಡೆ ಸಿಕ್ಕಿತು! ಒಂದು ಲಿನಕ್ಸಿನದು. ಇನ್ನೊಂದನ್ನು ಪೈಥಾನ್ ಭಾಷೆಯ ಚಿತ್ರ ಲೈಬ್ರರಿ ಪಿಲ್ಲೋ ತನ್ನ ಫೋಲ್ಡರಿನಲ್ಲೇ ಹೊತ್ತು ತಂದಿತ್ತು. ಮೂರನೆಯದು ಥಂಬ್‌ನೇಲ್ ಮಾಡಲು ಹಾಕಿದ್ದ ನೋಡ್ ಜೆಎಸ್‌ನ ಶಾರ್ಪ್ ಎಂಬ ಲೈಬ್ರರಿಯ ಜೊತೆಗೆ ಬಂದದ್ದು. ಲಿನಕ್ಸಿನ ಅಪ್‌ಡೇಟ್ ಉಳಿದೆರಡನ್ನು ಮುಟ್ಟುವುದೇ ಇಲ್ಲ. ದೋಷ ಸರಿಪಡಿಸಿದ ಪಿಲ್ಲೋ 10.0.1, ಶಾರ್ಪ್ 0.32.6 ಹಾಕುವವರೆಗೆ ಅಪ್‌ಲೋಡ್ ಮುಚ್ಚಿದೆ.

"ಫೋಟೋ ಹೋಗುದಿಲ್ಲವಲ್ಲ ಮಾರಾಯ, ಏನು ಮಾಡಿಟ್ಟಿದ್ದಿ?" ಅಂತ ಸಂಘದ ಶೆಟ್ಟರ ಫೋನು.

"ಎರಡು ದಿನ ತಡೀರಿ ಶೆಟ್ರೇ. ಚಿತ್ರದ ವೇಷ ಹಾಕಿ ಬೇರೆ ಏನೋ ಒಳಗೆ ಬರಬಹುದು."

"ನಾವು ವೆಬ್‌ಪಿ ಕಳಿಸುವುದೇ ಇಲ್ಲವಲ್ಲ. ನಮ್ಮದೆಲ್ಲ ಜೆಪೆಗ್."

ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಪಿಲ್ಲೋ ಕಡತದ ಹೆಸರನ್ನು ನಂಬುವುದಿಲ್ಲ, ಒಳಗಿನ ಮೊದಲ ಬೈಟುಗಳನ್ನು ನೋಡುತ್ತದೆ. ಜೆಪೆಗ್ ಎಂದು ಹೆಸರಿಟ್ಟ ವೆಬ್‌ಪಿಯನ್ನು ವೆಬ್‌ಪಿಯಾಗಿಯೇ ಬಿಚ್ಚುತ್ತದೆ. ಹಾಗಾಗಿ ಚಿತ್ರ ತೆರೆಯುವ ಕರೆಗೆ ಜೆಪೆಗ್, ಪಿಎನ್‌ಜಿ, ಟಿಫ್ ಮೂರೇ ಸಾಕು ಎಂಬ ಪಟ್ಟಿ ಕೊಟ್ಟೆ. ನಮಗೆ ಬೇಡದ ಡಿಕೋಡರ್‌ಗಳ ಬಾಗಿಲನ್ನೇ ಮುಚ್ಚುವುದು ಇಷ್ಟು ಸುಲಭವಿದ್ದರೂ ಬಹಳ ಜನ ಮಾಡುವುದಿಲ್ಲ.

ಆ ಮೇಲೆ ನನ್ನ ಕೋಡಿನ ಸರದಿ. ಒಂದು ಹಳೆಯ ಸ್ಕ್ಯಾನರಿನ ಕಡತಗಳಿಗಾಗಿ ಸಿ ಭಾಷೆಯಲ್ಲಿ ನಾನೇ ಒಂದು ಚಿಕ್ಕ ಡಿಕೋಡರ್ ಬರೆದಿದ್ದೆ. ಅದನ್ನು ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ, ನಾಲ್ಕು ಮಾದರಿ ಕಡತ ಕೊಟ್ಟು, ರಾತ್ರಿ ಎಎಫ್‌ಎಲ್ ಪ್ಲಸ್ ಪ್ಲಸ್ ಫಜರ್ ಓಡಿಸಿ ಮಲಗಿದೆ. ಫಜರ್ ಬೈಟುಗಳನ್ನು ತಿರುಚಿ ತಿರುಚಿ ಸಾವಿರಾರು ಕೆಟ್ಟ ಕಡತ ತಿನ್ನಿಸುತ್ತದೆ. ಮೆಮೊರಿಯ ಗಡಿ ದಾಟಿದ ಕ್ಷಣ ಸ್ಯಾನಿಟೈಸರ್ ಪ್ರೋಗ್ರಾಂ ನಿಲ್ಲಿಸಿ ಸಾಲಿನ ಸಂಖ್ಯೆ ಹೇಳುತ್ತದೆ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯುವ ಮೊದಲು ನೋಡಿದರೆ ಹೀಪ್ ಬಫರ್ ಓವರ್‌ಫ್ಲೋ, ಅಂದರೆ ಕಾದಿರಿಸಿದ ಜಾಗದಾಚೆ ಬರೆದದ್ದು, ಅದೂ ನನ್ನದೇ ಸಾಲಿನಲ್ಲಿ.

ಆ ಕಡತ ತನ್ನ ಅಗಲ 65,536, ಎತ್ತರ 16,384 ಎಂದು ಹೇಳಿಕೊಂಡಿತ್ತು. ಒಟ್ಟು 1,07,37,41,824 ಬಿಂದು (ಪಿಕ್ಸೆಲ್). ಈ ಸಂಖ್ಯೆ 32 ಬಿಟ್‌ನಲ್ಲಿ ಹಿಡಿಯುತ್ತದೆ. ಒಂದು ಬಿಂದುವಿಗೆ 4 ಬೈಟು ಎಂದು ಗುಣಿಸಿದಾಗ ಬರುವುದು ಸರಿಯಾಗಿ 2ರ 32ನೇ ಘಾತ. ಅದು 32 ಬಿಟ್ ಹಿಡಿಯುವ ಗರಿಷ್ಠಕ್ಕಿಂತ ಒಂದು ಹೆಚ್ಚು, ಹಾಗಾಗಿ ಲೆಕ್ಕ ಸುತ್ತಿಕೊಂಡು ಸೊನ್ನೆಯಾಗುತ್ತದೆ. ಸೊನ್ನೆ ಬೈಟು ಜಾಗ ಕೇಳಿದೆ. ಮೆಮೊರಿ ಕಾದಿರಿಸಿ ಕೊಡುವ ಮಾಲಾಕ್ ತಕರಾರಿಲ್ಲದೆ ಒಂದು ವಿಳಾಸ ಕೊಟ್ಟಿತು. ಬರೆಯುವ ಲೂಪ್ ನೋಡುತ್ತಿದ್ದದ್ದು ಬಿಂದುಗಳ ಲೆಕ್ಕವನ್ನು, ಅದರ ಪ್ರಕಾರ ಇನ್ನೂ ನೂರು ಕೋಟಿಗೂ ಹೆಚ್ಚು ಬಿಂದುವಿಗೆ ಜಾಗವಿತ್ತು. ಒಂದೇ ಬಣ್ಣ ಎಷ್ಟು ಸಲ ಬರುತ್ತದೆಂದು ಹೇಳುವ ಸಂಕೋಚನವಾದ್ದರಿಂದ ಕೆಲವೇ ಬೈಟಿನ ಕಡತ ಸಾಕಾಯಿತು. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ.

ಈಗ ಅಗಲ, ಎತ್ತರ ಎರಡಕ್ಕೂ 20,000ದ ಮಿತಿ ಇದೆ, ಗುಣಾಕಾರ 64 ಬಿಟ್‌ನಲ್ಲಿದೆ. ಆಮೇಲೆ ಆ ಡಿಕೋಡರನ್ನು, ಮೆಮೊರಿಯ ಗಡಿಯನ್ನು ತಾನೇ ಕಾಯುವ ರಸ್ಟ್ ಭಾಷೆಯಲ್ಲಿ ಮತ್ತೆ ಬರೆದೆ. ರಸ್ಟ್‌ನಲ್ಲೂ ರಿಲೀಸ್ ಬಿಲ್ಡ್ (ಬಳಕೆಗೆಂದು ಕಂಪೈಲ್ ಮಾಡಿದ್ದು) ಆದರೆ ಗುಣಾಕಾರ ಸದ್ದಿಲ್ಲದೆ ಸುತ್ತಿಕೊಳ್ಳುತ್ತದೆ, ಅದಕ್ಕಾಗಿ ಪರೀಕ್ಷಿಸಿ ಗುಣಿಸುವ ವಿಧಾನವನ್ನೇ ಬಳಸಿದೆ. ಅದೂ ತಪ್ಪಿದರೆ ಗಡಿಯಾಚೆ ಬರೆಯುವ ಮೊದಲೇ ಪ್ರೋಗ್ರಾಂ ನಿಲ್ಲುತ್ತದೆ.

ಲಿಬ್‌ಟಿಫ್, ಲಿಬ್‌ಪಿಎನ್‌ಜಿಗಳನ್ನು ನಾನು ಮತ್ತೆ ಬರೆಯಲಾರೆ. ಅವುಗಳ ಕೆಲಸವನ್ನೆಲ್ಲ ಬೇರೆ ಪ್ರೊಸೆಸ್‌ಗೆ ಹಾಕಿದ್ದೇನೆ. ಅದಕ್ಕೆ ನೆಟ್‌ವರ್ಕ್ ಇಲ್ಲ, ಡಿಸ್ಕಿಗೆ ಬರೆಯುವ ಹಕ್ಕಿಲ್ಲ, 512 ಎಂಬಿ ಮೆಮೊರಿ, 10 ಸೆಕೆಂಡು ಸಮಯ. ಒಳಗೆ ಕಡತ ಹೋಗುತ್ತದೆ, ಹೊರಗೆ ಬರಿಯ ಬಿಂದುಗಳು ಬರುತ್ತವೆ, ಅವುಗಳಿಂದ ಹೊಸ ಪಿಎನ್‌ಜಿ ಆಗುತ್ತದೆ.

ಶೆಟ್ಟರ ರಾತ್ರಿಶಾಲೆಯ ಫೋಟೋ ಮೊದಲ ಸಲ ಅಲ್ಲೇ ಸತ್ತಿತು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ ದೊಡ್ಡ ಟಿಫ್, 512 ಎಂಬಿ ಸಾಲಲಿಲ್ಲ. 300ಕ್ಕೆ ಇಳಿಸಿ ಕಳಿಸಿ ಅಂದೆ, ಕಳಿಸಿದರು. ಈಗ ಅದು ಸಂಘದ ಪುಟದಲ್ಲಿದೆ, ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರು ಅವರೇ.